ಕೈಗವಸಿನೊಳಗಿನ ಮದರಂಗಿ



ಪಾಸ್ಖದ ನಂತರದ ಭಾನುವಾರವೊಂದರಲ್ಲಿ ನಮ್ಮ ಮಕ್ಕಳು ಪ್ರಥಮ ಪರಮಪ್ರಸಾದ ಸ್ವೀಕರಿಸಿದ್ದು ನಿಮಗೆಲ್ಲ ನೆನಪಿದೆ. ಅಂದು ಪೂಜೆಗೆ ಮುಂಚೆ ಸಾಕ್ರಿಸ್ತಿಯ ಹೊರಗಿನ ಜಗಲಿಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಹೆಚ್ಚಿನವರು ಗಮನಿಸಿರಲಿಕ್ಕಿಲ್ಲ. ಬಿಳಿ ಉಡುಪು ತೊಟ್ಟು ಸಾಲಾಗಿ ನಿಂತಿದ್ದ ಮಕ್ಕಳ ನಡುವೆ ಒಬ್ಬ ಹುಡುಗಿಯ ಎರಡೂ ಅಂಗೈಗಳಲ್ಲಿ ಮದರಂಗಿ ಕೆಂಪೇರಿತ್ತು. ನೆರೆಮನೆಯ ಮದುವೆಯ ಮೈಲಾಂಜಿ ರಾತ್ರಿಗೆ ಹೋಗಿದ್ದಳಂತೆ. ಸಾಲಿನ ಹತ್ತಿರ ನಿಂತಿದ್ದ ಹಿರಿಯರೊಬ್ಬರು, "ಇದೇನು, ಅವರ ಮದುವೆಯ ಗುರುತು ಹೊತ್ತು ದೇವರ ಹತ್ತಿರ ಬರುವುದೇ?" ಎಂದರು. ತಾಯಿಯ ಮುಖ ಬಾಡಿತು. ಯಾರೋ ಓಡಿಹೋಗಿ ಒಂದು ಜೊತೆ ಬಿಳಿ ಕೈಗವಸು ತಂದರು. ಹುಡುಗಿ ಅದನ್ನು ಹಾಕಿಕೊಂಡಳು. ಪೂಜೆ ಚೆನ್ನಾಗಿ ನಡೆಯಿತು. ಫೋಟೊಗಳೂ ಚೆನ್ನಾಗಿ ಬಂದವು.

ಕೈಗವಸು ತಂದುಕೊಟ್ಟವರು ಈ ಪತ್ರಿಕೆಯ ಕೆಲಸ ನೋಡಿಕೊಳ್ಳುವ ನಮ್ಮಲ್ಲೇ ಒಬ್ಬರು. ಅಂದು ಅದು ಜಾಣತನದ ಕೆಲಸ ಎಂದು ನಮಗೆಲ್ಲ ಅನಿಸಿತ್ತು. ಜಗಳ ತಪ್ಪಿತು, ಮಗು ಅಳಲಿಲ್ಲ. ಆದರೆ ಎರಡು ವಾರದ ಬಳಿಕ ಆ ತಾಯಿ ಒಂದು ಮಾತು ಹೇಳಿದರು: "ಪೂಜೆ ಮುಗಿಸಿ ಮನೆಗೆ ಹೋದ ಮೇಲೂ ಅವಳು ಕೈಗವಸು ತೆಗೆಯಲಿಲ್ಲ. ನೆರೆಮನೆಯ ಇತ್ತಾ ಅಭಿನಂದಿಸಲು ಬಂದಾಗ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು." ಆ ಮದರಂಗಿ ಹಚ್ಚಿದ್ದೇ ಆ ಇತ್ತಾ. ಈ ಮಾತು ಕೇಳಿದ ಮೇಲೆ ನಮಗೆ ಸುಮ್ಮನಿರಲಾಗಲಿಲ್ಲ. ತಾಯಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇವೆ. ಮಾತಾಡಿದ ಹಿರಿಯರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರು ಕೇಳಿದ ಪ್ರಶ್ನೆ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಬದಲು ನಾವು ಅದನ್ನು ಬಟ್ಟೆಯಿಂದ ಮುಚ್ಚಿದೆವು. ತಪ್ಪಾದದ್ದು ಅಲ್ಲಿ.

ಪ್ರಶ್ನೆ ಇಷ್ಟೇ: ನೆರೆಯವರ ಸಂಭ್ರಮದ ಗುರುತನ್ನು ನಮ್ಮ ಮೈಮೇಲೆ ಹೊತ್ತರೆ ನಮ್ಮ ವಿಶ್ವಾಸಕ್ಕೆ ಕುಂದು ಬರುತ್ತದೆಯೇ?

ಮೊದಲು ಮದರಂಗಿಯನ್ನೇ ನೋಡೋಣ. ಅದು ಒಂದು ಪೊದೆಗಿಡ. ನಮ್ಮ ಅಜ್ಜಿಯಂದಿರ ಹಿತ್ತಿಲಿನ ಬೇಲಿಯಲ್ಲಿ ಇದ್ದೇ ಇರುತ್ತಿತ್ತು. ಕಡ್ಡಿ ನೆಟ್ಟರೆ ಬದುಕುತ್ತದೆ, ಬಿಸಿಲಿಗೆ ಹೆದರುವುದಿಲ್ಲ. ಸಸ್ಯಶಾಸ್ತ್ರಜ್ಞರು ಅದನ್ನು ಲಾಸೋನಿಯಾ ಇನರ್ಮಿಸ್ ಎನ್ನುತ್ತಾರೆ. ಎಲೆಯಲ್ಲಿ ಲಾಸೋನ್ ಎಂಬ ಬಣ್ಣದ ಅಂಶವಿದೆ. ಎಲೆ ಹಾಗೇ ಇದ್ದರೆ ಅದು ಹೊರಬರುವುದಿಲ್ಲ. ಕಡೆಯುವ ಕಲ್ಲಿನಲ್ಲಿ ನುಣ್ಣಗೆ ಅರೆದು, ಲಿಂಬೆಹುಳಿಯನ್ನೋ ಚಹಾದ ಕಷಾಯವನ್ನೋ ಸೇರಿಸಿ, ಕೆಲವು ಗಂಟೆ ಕೈಯಲ್ಲಿ ಇರಿಸಿಕೊಂಡರೆ ಆ ಅಂಶ ಚರ್ಮದ ಮೇಲ್ಪದರದ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ. ಅಂಗೈ ಮತ್ತು ಅಂಗಾಲಿನ ಚರ್ಮ ದಪ್ಪ, ಆದ್ದರಿಂದ ಅಲ್ಲಿ ಬಣ್ಣ ಗಾಢ. ಎಷ್ಟು ತೊಳೆದರೂ ಒಮ್ಮೆಗೇ ಹೋಗದು. ಮೇಲ್ಪದರ ಸವೆದು ಉದುರಿದ ಹಾಗೆ ಒಂದರಿಂದ ಮೂರು ವಾರದಲ್ಲಿ ತಾನಾಗಿ ಮಾಸಿಹೋಗುತ್ತದೆ. ಆ ಭಾನುವಾರ ಹುಡುಗಿಯ ಕೈಯನ್ನು ಸಾಬೂನು ಹಾಕಿ ಉಜ್ಜಲು ಹೇಳಿದವರಿಗೆ ಈ ವಿಷಯ ತಿಳಿದಿರಲಿಲ್ಲ.

ಇದು ಯಾರ ಗಿಡ? ಪುರಾತನ ಈಜಿಪ್ಟಿನ ಮಮ್ಮಿಗಳ ಕೂದಲಿನಲ್ಲಿ ಇದರ ಬಣ್ಣ ಸಿಕ್ಕಿದೆ. ಇಂದು ನಮ್ಮ ದೇಶದಲ್ಲಿ ಇದರ ದೊಡ್ಡ ಬೆಳೆ ರಾಜಸ್ಥಾನದ ಸೋಜತ್ ಸುತ್ತಮುತ್ತ. ಕನ್ನಡದಲ್ಲಿ ಮದರಂಗಿ, ಬಯಲುಸೀಮೆಯವರಿಗೆ ಗೋರಂಟಿ, ತೆಲುಗರಿಗೆ ಗೋರಿಂಟಾಕು, ತಮಿಳರಿಗೆ ಮರುದಾಣಿ, ಮಲಯಾಳಿಗಳಿಗೆ ಮೈಲಾಂಜಿ, ಹಿಂದಿಯವರಿಗೆ ಮೆಹಂದಿ. ತೆಲುಗು ಮನೆಗಳಲ್ಲಿ ಆಷಾಢ ಬಂತೆಂದರೆ ಹೆಂಗಸರು, ಮಕ್ಕಳು ಹಚ್ಚಿಕೊಳ್ಳುತ್ತಾರೆ. ಮಾಪಿಳ್ಳೆಯವರ ಮದುವೆಯ ಮುನ್ನಾದಿನ ಮೈಲಾಂಜಿ ಇಲ್ಲದೆ ಕಳೆಯುವುದಿಲ್ಲ. ಮದುಮಗಳ ಸುತ್ತ ಚಪ್ಪಾಳೆ ತಟ್ಟಿ ಒಪ್ಪನ ಹಾಡುತ್ತಾರೆ. ಹಿಂದೂ ಮನೆಗಳ ಮದುಮಗಳಿಗೂ ಇದು ಬೇಕು. ಗಿಡ ಒಂದೇ, ಬಣ್ಣ ಒಂದೇ. ಅದನ್ನು ಹಚ್ಚುವಾಗ ನುಡಿಯುವ ಮಾತು ಮಾತ್ರ ಬೇರೆ ಬೇರೆ.

ನಮ್ಮ ಪವಿತ್ರ ಗ್ರಂಥದಲ್ಲೂ ಈ ಗಿಡವಿದೆ. ಪರಮಗೀತೆಯ ಮೊದಲನೆಯ ಅಧ್ಯಾಯದಲ್ಲಿ ವಧು ತನ್ನ ಪ್ರಿಯನನ್ನು ಮೃತ ಸಮುದ್ರದ ದಡದ ಏಂಗೆದಿಯ ದ್ರಾಕ್ಷಿತೋಟದಲ್ಲಿ ಅರಳಿದ ಒಂದು ಹೂಗೊಂಚಲಿಗೆ ಹೋಲಿಸುತ್ತಾಳೆ. ನಾಲ್ಕನೆಯ ಅಧ್ಯಾಯದ ತೋಟದಲ್ಲಿ ಅದೇ ಗಿಡ ಜಟಾಮಾಂಸಿಯ ಜೊತೆ ಮತ್ತೆ ಬರುತ್ತದೆ. ಹೀಬ್ರೂ ಭಾಷೆಯಲ್ಲಿ ಅದಕ್ಕೆ ಕೋಫೆರ್ ಎಂಬ ಹೆಸರು. ವಿದ್ವಾಂಸರು ಅದನ್ನು ಮದರಂಗಿ ಎಂದೇ ಗುರುತಿಸುತ್ತಾರೆ. ಅಲ್ಲಿರುವುದು ಹೂವಿನ ಪರಿಮಳದ ಮಾತು, ಕೈಯ ಚಿತ್ತಾರದ ಮಾತಲ್ಲ ಎಂಬುದನ್ನು ಒಪ್ಪೋಣ. ಆದರೂ ಕ್ರಿಸ್ತ ಮತ್ತು ಧರ್ಮಸಭೆಯ ಪ್ರೀತಿಯ ಸಂಕೇತವಾಗಿ ಸಂತರು ಓದಿದ ಆ ಕಾವ್ಯದೊಳಗೆ ಬಂದ ಗಿಡವನ್ನು ಪರಧರ್ಮದ ಗಿಡ ಎನ್ನುವುದು ಕಷ್ಟ. ಕೆಲವರು ಯಾಜಕಕಾಂಡದ 19ನೆಯ ಅಧ್ಯಾಯವನ್ನು ತೋರಿಸುತ್ತಾರೆ. ಅಲ್ಲಿ ನಿಷೇಧಿಸಿರುವುದು ಸತ್ತವರಿಗಾಗಿ ಮೈಯನ್ನು ಕೊಯ್ದುಕೊಳ್ಳುವುದನ್ನು ಮತ್ತು ಮೈಮೇಲೆ ಹಚ್ಚೆ ಚುಚ್ಚಿಸಿಕೊಳ್ಳುವುದನ್ನು. ಮದರಂಗಿ ಕೊಯ್ಯುವುದೂ ಇಲ್ಲ, ಚುಚ್ಚುವುದೂ ಇಲ್ಲ.

ಇಷ್ಟು ಹೇಳಿ ಮುಗಿಸಿದರೆ ಹಿರಿಯರ ಪ್ರಶ್ನೆಗೆ ನ್ಯಾಯ ಸಲ್ಲಿಸಿದಂತಾಗದು. "ಅದು ಬರೀ ಬಣ್ಣ, ಅದರಲ್ಲೇನಿದೆ?" ಎಂದು ಹೇಳುವ ಹಕ್ಕು ಕಥೋಲಿಕರಾದ ನಮಗೆ ಇಲ್ಲ. ಗುರುತುಗಳಲ್ಲಿ ಅರ್ಥವಿದೆ ಎಂದು ನಂಬುವವರು ನಾವು. ಬೂದಿ ಬುಧವಾರ ಹಣೆಯ ಮೇಲೆ ಬೂದಿ ಹಚ್ಚಿಸಿಕೊಂಡು ಅದನ್ನು ಒರೆಸದೆ ಪೇಟೆಗೆ ಹೋಗುತ್ತೇವೆ. ದೃಢೀಕರಣದಲ್ಲಿ ಬಿಷಪರು ಹಣೆಗೆ ಪವಿತ್ರ ತೈಲ ಹಚ್ಚುತ್ತಾರೆ. ಮಗುವಿನ ಹಣೆಯ ಮೇಲೆ ಶಿಲುಬೆ ಬರೆಯದೆ ಜ್ಞಾನಸ್ನಾನ ಇಲ್ಲ. ಇವೆಲ್ಲ ಬರೀ ಬೂದಿ, ಬರೀ ಎಣ್ಣೆ ಎಂದು ಯಾರಾದರೂ ಹೇಳಿದರೆ ನಮಗೆ ನೋವಾಗುತ್ತದೆ. ಹಾಗಿದ್ದ ಮೇಲೆ ನೆರೆಯವರ ಗುರುತನ್ನು ಬರೀ ಬಣ್ಣ ಎಂದು ತಳ್ಳಿಹಾಕುವುದು ಅವರಿಗೂ ಅವಮಾನ, ನಮ್ಮ ನಂಬಿಕೆಗೂ ವಿರೋಧ. ಮದರಂಗಿಗೆ ಅರ್ಥವಿದೆ. ಆ ಅರ್ಥ ಯಾವುದು, ಅದನ್ನು ಕೊಟ್ಟವರು ಯಾರು ಎಂದು ಕೇಳಬೇಕು.

ಸಂತ ಪೌಲರ ಕಾಲದಲ್ಲಿ ಇಂಥದೇ ಪ್ರಶ್ನೆ ಕೊರಿಂಥದ ಸಭೆಯನ್ನು ಒಡೆಯುವ ಮಟ್ಟಕ್ಕೆ ಬಂದಿತ್ತು. ವಿಗ್ರಹಗಳಿಗೆ ಅರ್ಪಿಸಿದ ಮಾಂಸ ಪೇಟೆಯಲ್ಲಿ ಮಾರಾಟವಾಗುತ್ತಿತ್ತು. ಅದನ್ನು ತಿನ್ನಬಹುದೇ? ಪೌಲರ ಉತ್ತರ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ವಿಗ್ರಹಾರಾಧನೆಯ ಪಂಕ್ತಿಯಲ್ಲಿ ಕೂರಬೇಡಿ ಎಂದು ಖಂಡಿತವಾಗಿ ಹೇಳುತ್ತಾರೆ. ಆದರೆ ಪೇಟೆಯಲ್ಲಿ ಕೊಂಡದ್ದನ್ನು ಕೆದಕಿ ಕೇಳದೆ ತಿನ್ನಿ, ವಿಶ್ವಾಸಿಯಲ್ಲದ ನೆರೆಯವನು ಊಟಕ್ಕೆ ಕರೆದರೆ ಬಡಿಸಿದ್ದನ್ನು ಉಣ್ಣಿ ಎನ್ನುತ್ತಾರೆ. ಜೊತೆಗೆ ಒಂದು ಷರತ್ತು: ನಿಮ್ಮ ಸ್ವಾತಂತ್ರ್ಯ ದುರ್ಬಲ ಮನಸ್ಸಿನ ಸಹೋದರನಿಗೆ ಎಡವುಗಲ್ಲಾಗಬಾರದು. ಅಂದರೆ ಪೌಲರು ಮಾಂಸವನ್ನು ಪರೀಕ್ಷಿಸುವುದಿಲ್ಲ. ತಿನ್ನುವವನ ಹೃದಯವನ್ನೂ ಪಕ್ಕದಲ್ಲಿ ಕೂತವನ ಮನಸ್ಸನ್ನೂ ಪರೀಕ್ಷಿಸುತ್ತಾರೆ.

ಇದನ್ನು ನಮ್ಮ ಹುಡುಗಿಗೆ ಅನ್ವಯಿಸಿ ನೋಡೋಣ. ಅವಳು ಯಾರನ್ನೂ ಆರಾಧಿಸಲು ಹೋಗಿರಲಿಲ್ಲ. ಹುಟ್ಟಿದಂದಿನಿಂದ ಎತ್ತಿ ಆಡಿಸಿದ ಇತ್ತಾ ಕರೆದರು, ಕೈ ಚಾಚು ಎಂದರು, ಚಾಚಿದಳು. "ತಂಗಿ, ನಿನ್ನ ಹಬ್ಬವೂ ಬಂತಲ್ಲ, ಚೆಂದ ಕಾಣಲಿ" ಎಂದು ಹೇಳಿ ಇತ್ತಾ ಅಂಗೈಯ ನಡುವೆ ಒಂದು ಹೂ ಬರೆದರಂತೆ. ಆ ಗುರುತಿನ ಅರ್ಥ ಏನು ಎಂದು ಕೇಳಿದರೆ ನಾವು ಹೇಳಬೇಕಾದ ಉತ್ತರ: ಒಂದು ಮುಸ್ಲಿಂ ಮನೆಯವರು ನಮ್ಮ ಮಗುವಿನ ಪ್ರಥಮ ಪರಮಪ್ರಸಾದದಲ್ಲಿ ಸಂತೋಷಪಟ್ಟರು. ನಾವು ಕೈಗವಸಿನಲ್ಲಿ ಮುಚ್ಚಿದ್ದು ಅದನ್ನು.

ಮತ್ತೊಂದು ಸಂಗತಿಯನ್ನು ನಮ್ಮ ಜನ ತಿಳಿಯಬೇಕು. ನಮ್ಮದೇ ಕಾಸರಗೋಡು ಜಿಲ್ಲೆಯ ರಾಜಪುರದಲ್ಲಿ 1943ರಲ್ಲಿ ತಿರುವಾಂಕೂರು ಕಡೆಯಿಂದ ಬಂದು ನೆಲೆಸಿದ ಕ್ನಾನಾಯ ಕಥೋಲಿಕರಿದ್ದಾರೆ. ಅವರ ಮದುವೆಯ ಮುನ್ನಾದಿನ ಮದುಮಗಳ ಕೈಕಾಲಿಗೆ ಮೈಲಾಂಜಿ ಹಚ್ಚುವುದು ಒಂದು ಶಾಸ್ತ್ರ. ಆಗ ಹಾಡುವ ಹಳೆಯ ಹಾಡುಗಳಿವೆ. 1910ರಲ್ಲಿ ಅಚ್ಚಾದ ಅವರ ಪುರಾತನ ಹಾಡುಗಳ ಸಂಗ್ರಹದಿಂದ ಅವು ಎಲ್ಲರಿಗೂ ತಿಳಿದವು. ಆ ಶಾಸ್ತ್ರಕ್ಕೆ ಅವರು ಕೊಡುವ ಅರ್ಥ ಹೀಗೆ: ಆದಿತಾಯಿ ಹವ್ವಳ ಕಾಲು ನಿಷೇಧಿಸಿದ ಮರದತ್ತ ನಡೆಯಿತು, ಕೈ ಹಣ್ಣನ್ನು ಕಿತ್ತಿತು. ಅದನ್ನು ನೆನೆದು ಮದುಮಗಳ ಕೈಕಾಲಿಗೆ ಮೈಲಾಂಜಿ. ಅಂದರೆ ಯಾವ ಎಲೆಯನ್ನು ನಾವು ಅವರದು ಎಂದು ದೂರವಿಟ್ಟೆವೋ ಅದೇ ಎಲೆಯಲ್ಲಿ ನಮ್ಮದೇ ಧರ್ಮಸಭೆಯ ಇನ್ನೊಂದು ಭಾಷೆಯ ಸಹೋದರರು ಮಾನವನ ಪತನದ ಕಥೆಯನ್ನು ಓದುತ್ತಾರೆ. ಭಾನುವಾರ ಒಂದೇ ವಿಶ್ವಾಸಸಂಗ್ರಹವನ್ನು ಅವರು ಮಲಯಾಳದಲ್ಲಿ ಹೇಳುತ್ತಾರೆ, ನಾವು ಕನ್ನಡದಲ್ಲಿ ಹೇಳುತ್ತೇವೆ.

ಇನ್ನು ನಮ್ಮ ರೋಸಿನ ಕಥೆ ಕೇಳಿ. ಮದುವೆಯ ಹಿಂದಿನ ದಿನ ತೆಂಗಿನ ಹಾಲು, ಎಣ್ಣೆ ಹಚ್ಚಿ, ಹಣೆಯ ಮೇಲೆ ಶಿಲುಬೆ ಬರೆದು, ವೊವಿಯೊ ಹಾಡಿ ಮದುಮಕ್ಕಳನ್ನು ಸ್ನಾನಕ್ಕೆ ಕಳಿಸುತ್ತೇವೆ. ಇದಕ್ಕಿಂತ ಕಥೋಲಿಕ ಸಂಪ್ರದಾಯ ಬೇರೆ ಇಲ್ಲ ಎಂದು ಭಾವಿಸುತ್ತೇವೆ. ಆದರೆ 1736ರಲ್ಲಿ ಗೋವೆಯ ಇನ್‌ಕ್ವಿಸಿಷನ್ ಹೊರಡಿಸಿದ ಆಜ್ಞೆಯಲ್ಲಿ ಕ್ರೈಸ್ತರ ಮದುವೆಗಳಲ್ಲಿ ವಧೂವರರಿಗೆ ಅರಿಶಿನ, ಹಾಲು, ತೆಂಗಿನೆಣ್ಣೆ ಹಚ್ಚುವುದನ್ನು ಇತರ ಅನೇಕ ಪದ್ಧತಿಗಳ ಜೊತೆಗೆ ನಿಷೇಧಿಸಲಾಗಿತ್ತು. ಅದು ಹಿಂದೂಗಳ ಆಚಾರ ಎಂಬುದೇ ಕಾರಣ. ಆ ಇನ್‌ಕ್ವಿಸಿಷನ್ 1812ರಲ್ಲಿ ಕೊನೆಗೊಂಡಿತು. ರೋಸ್ ಉಳಿಯಿತು. ನಮ್ಮ ಹೆಂಗಸರ ಕರಿಮಣಿ, ಮದುಮಗಳ ಕೆಂಪು ಸಾಡೊ ಕೂಡ ಇದೇ ಮಣ್ಣಿನವು. ಮಲಯಾಳಿ ಕ್ರೈಸ್ತರ ಮಿನ್ನು, ತಮಿಳು ಕ್ರೈಸ್ತರ ತಾಳಿ ಕೂಡ ಹಾಗೆಯೇ. ಅಂದು ಆ ಎಣ್ಣೆಯ ಬಟ್ಟಲನ್ನು ಮುಚ್ಚಿಟ್ಟವರ ಮಾತೇ ನಡೆದಿದ್ದರೆ ಇಂದು ನಮ್ಮ ಮಕ್ಕಳಿಗೆ ಹಚ್ಚಲು ರೋಸ್ ಇರುತ್ತಿರಲಿಲ್ಲ.

ಧರ್ಮಸಭೆಯ ಒಳಗಿನಿಂದಲೇ ಬೇರೆ ದನಿಯೂ ಇತ್ತು. ಆ ಆಜ್ಞೆಗೆ ಮುಂಚೆಯೇ, 1659ರಲ್ಲಿ, ರೋಮಿನ ವಿಶ್ವಾಸ ಪ್ರಸಾರ ಮಂಡಳಿ ಏಷ್ಯಾಕ್ಕೆ ಹೊರಟ ತನ್ನ ಪ್ರತಿನಿಧಿಗಳಿಗೆ, ವಿಶ್ವಾಸಕ್ಕೂ ಸನ್ನಡತೆಗೂ ಸ್ಪಷ್ಟವಾಗಿ ವಿರುದ್ಧವಾಗಿರದ ಜನಪದ್ಧತಿಗಳನ್ನು ಬದಲಿಸಲು ಹೋಗಬೇಡಿ ಎಂದು ಸೂಚಿಸಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೈವಾರಾಧನೆಯ ಕುರಿತ ತನ್ನ ಸಂವಿಧಾನದಲ್ಲಿ, ಮೂಢನಂಬಿಕೆಗೆ ಬಿಡಿಸಲಾರದಂತೆ ಗಂಟುಬಿದ್ದಿರದ ಪದ್ಧತಿಗಳನ್ನು ಸಹಾನುಭೂತಿಯಿಂದ ನೋಡಬೇಕು, ಸಾಧ್ಯವಾದರೆ ಉಳಿಸಿಕೊಳ್ಳಬೇಕು ಎಂದಿತು. ಮದುವೆಯ ಒಳ್ಳೆಯ ಸಂಪ್ರದಾಯಗಳನ್ನು ಪ್ರತ್ಯೇಕವಾಗಿಯೇ ಹೆಸರಿಸಿತು.

ಹಾಗಾದರೆ ಎಲ್ಲವೂ ಸರಿಯೇ? ಅಲ್ಲ. ಇಲ್ಲಿ ನಮ್ಮ ಮಾತು ಕೆಲವರಿಗೆ ಕಹಿಯಾಗಬಹುದು.

ಇತ್ತೀಚಿನ ವರ್ಷಗಳಲ್ಲಿ ಕರಾವಳಿಯ ಎಲ್ಲ ಸಮುದಾಯಗಳಲ್ಲೂ ಮೆಹಂದಿ ಎಂಬುದು ಮದುವೆಯ ಹಿಂದಿನ ರಾತ್ರಿಯ ದೊಡ್ಡ ಸಮಾರಂಭವಾಗಿ ಬೆಳೆದಿದೆ. ನಮ್ಮವರಲ್ಲಿಯೂ ಅದು ಹೊಕ್ಕಿದೆ. ಅದರಲ್ಲಿ ಮದರಂಗಿ ಎಲ್ಲೋ ಒಂದು ಮೂಲೆಯಲ್ಲಿರುತ್ತದೆ. ಉಳಿದದ್ದು ವೇದಿಕೆ, ಡಿಜೆ, ಕುಡಿತ, ನಡುರಾತ್ರಿಯ ತನಕ ಗದ್ದಲ. ಮಗಳ ಮದುವೆಗೆಂದು ಸೊಸೈಟಿಯಲ್ಲಿ ಸಾಲ ಮಾಡಿದ ತಂದೆ, ಈ ಒಂದು ರಾತ್ರಿಗೆಂದು ಇನ್ನೊಂದು ಸಾಲ ಮಾಡುತ್ತಾನೆ. "ಪಕ್ಕದ ಮನೆಯವರು ಮಾಡಿದ್ದಾರೆ, ನಾವು ಮಾಡದಿದ್ದರೆ ಹೇಗೆ?" ಎಂಬುದೇ ಕಾರಣ. ಇದನ್ನು ಕಂಡು ಯಾರೂ ಕೈಗವಸು ತರಲು ಓಡುವುದಿಲ್ಲ.

ಕಪ್ಪು ಮೆಹಂದಿ ಎಂದು ಮಾರುವ ಕೋನುಗಳ ವಿಷಯವೂ ಹೀಗೆಯೇ. ಮದರಂಗಿಯ ಎಲೆ ಕಪ್ಪು ಬಣ್ಣ ಕೊಡುವುದಿಲ್ಲ. ಬೇಗ ಕಪ್ಪಾಗಲೆಂದು ಕೆಲವದಕ್ಕೆ ಕೂದಲ ಬಣ್ಣದಲ್ಲಿ ಬಳಸುವ ಪಿಪಿಡಿ ಎಂಬ ರಾಸಾಯನಿಕ ಬೆರೆಸುತ್ತಾರೆ. ಅದರಿಂದ ಚರ್ಮದಲ್ಲಿ ಬೊಬ್ಬೆ ಏಳಬಹುದು, ಕಲೆ ಉಳಿಯಬಹುದು, ಅಲರ್ಜಿ ಜೀವನಪೂರ್ತಿ ಕಾಡಬಹುದು. ಚಿಕ್ಕ ಮಕ್ಕಳ ಕೈಗೆ ಅದನ್ನು ಹಚ್ಚಬೇಡಿ.

ಬಣ್ಣ ಗಾಢವಾದಷ್ಟು ಗಂಡನ ಪ್ರೀತಿ, ಅತ್ತೆಯ ಪ್ರೀತಿ ಗಾಢ ಎಂಬ ಮಾತೂ ಉಂಟು. ತಮಾಷೆಗೆ ಹೇಳಿದರೆ ಅಡ್ಡಿಯಿಲ್ಲ. ಆದರೆ ಬಣ್ಣ ಗಾಢವಾಗುವುದು ಎಲೆಯ ಗುಣದಿಂದ, ಚರ್ಮದ ದಪ್ಪದಿಂದ, ಎಷ್ಟು ಹೊತ್ತು ಇಟ್ಟುಕೊಂಡೆವು ಎಂಬುದರಿಂದ. ಪ್ರೀತಿಯನ್ನು ಅಂಗೈ ನೋಡಿ ಅಳೆಯಬೇಕಾಗಿಲ್ಲ. ಅದನ್ನು ವಿವಾಹ ಸಂಸ್ಕಾರದ ಪ್ರತಿಜ್ಞೆಯ ನಂತರದ ವರ್ಷಗಳು ತೋರಿಸುತ್ತವೆ.

ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ವಿಧವೆಯರು ಮದರಂಗಿ ಹಚ್ಚಿಕೊಳ್ಳಬಾರದು, ಮದುಮಗಳಿಗೆ ಹಚ್ಚಲೂಬಾರದು ಎಂಬುದು ಈ ನಾಡಿನ ಅನೇಕ ಮನೆಗಳ ಹಳೆಯ ಕಟ್ಟಳೆ. ಅದು ಬೇರೆಯವರ ಮನೆಯ ಮಾತು ಎಂದು ನಾವು ಅಂದುಕೊಳ್ಳುವ ಮುಂಚೆ ನಮ್ಮ ರೋಸನ್ನು ನೆನಪಿಸಿಕೊಳ್ಳಿ. ಹೆತ್ತ ತಾಯಿ ವಿಧವೆಯಾಗಿದ್ದರೆ ಅವಳು ಬಾಗಿಲ ಬಳಿ ನಿಲ್ಲುತ್ತಾಳೆ, ತೆಂಗಿನ ಹಾಲಿನ ಬಟ್ಟಲು ಅವಳನ್ನು ದಾಟಿ ಮುಂದೆ ಹೋಗುತ್ತದೆ. ಹಿಂದೆ ಹಲವು ಮನೆಗಳಲ್ಲಿ ಹೀಗಿತ್ತು. ಇಂದಿಗೂ ಕೆಲವು ಮನೆಗಳಲ್ಲಿ ನಾವೇ ಕಂಡಿದ್ದೇವೆ. "ಅವಳು ಮುಟ್ಟಿದರೆ ಮದುಮಕ್ಕಳಿಗೆ ಒಳಿತಾಗದು" ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ; ಹೇಳದೆಯೇ ಎಲ್ಲರಿಗೂ ಗೊತ್ತು. ಗಂಡನ ಮರಣದಿಂದ ಹೆಂಗಸಿನ ಕೈ ಅಶುಭವಾಗುತ್ತದೆ ಎಂದು ನಂಬುವುದಾದರೆ ನಾವು ಪುನರುತ್ಥಾನವನ್ನು ನಂಬುವುದು ಯಾವ ಬಾಯಿಯಿಂದ? ನಾಯಿನ್ ಊರಿನ ವಿಧವೆಯನ್ನು ಕಂಡು ಕನಿಕರಪಟ್ಟು ಚಟ್ಟವನ್ನು ಮುಟ್ಟಿದವರು ನಮ್ಮ ಪ್ರಭು. ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ವಿಧವೆಯ ಕೈಯನ್ನು ಅವರು ಎಲ್ಲರಿಗೂ ತೋರಿಸಿ ಹೊಗಳಿದರು. ಆ ಕೈಯನ್ನು ನಾವು ರೋಸಿನ ಬಟ್ಟಲಿನಿಂದ ದೂರವಿಡುತ್ತೇವೆ. ನಮ್ಮ ಮನೆಗಳಲ್ಲಿ ವಿಶ್ವಾಸಕ್ಕೆ ವಿರುದ್ಧವಾದ ಪದ್ಧತಿ ಹುಡುಕುತ್ತಿದ್ದರೆ ಅದು ಇಲ್ಲಿದೆ. ಮಗುವಿನ ಅಂಗೈಯ ಹೂವಿನಲ್ಲಿ ಅಲ್ಲ.

ಆದ್ದರಿಂದ ಯಾವುದೇ ಪದ್ಧತಿ ನಮ್ಮ ಹೊಸ್ತಿಲಿಗೆ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ ಎಂಬುದು ನಮ್ಮ ಸಲಹೆ. ಒಂದು, ದೇವರಿಗೆ ಮಾತ್ರ ಸಲ್ಲಬೇಕಾದದ್ದನ್ನು ಇದು ಬೇರೊಂದಕ್ಕೆ ಕೊಡಲು ಹೇಳುತ್ತದೆಯೇ? ಎರಡು, ಇದು ಯಾರನ್ನಾದರೂ ಬಾಗಿಲ ಹೊರಗೆ ನಿಲ್ಲಿಸುತ್ತದೆಯೇ? ಮೂರು, ಇದು ಬಡವನ ಬೆನ್ನಿಗೆ ಹೊರೆಯಾಗುತ್ತದೆಯೇ? ಈ ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ ಆ ಪದ್ಧತಿ ಎಲ್ಲಿಂದ ಬಂತೆಂದು ಚಿಂತಿಸಬೇಕಾಗಿಲ್ಲ. ಹೌದು ಎಂಬ ಉತ್ತರ ಬಂದರೆ ಅದು ನಮ್ಮ ಅಜ್ಜನ ಕಾಲದಿಂದ ಬಂದಿದ್ದರೂ ಬಿಡಬೇಕು.

ಹಿರಿಯರ ಮಾತಿನ ಹಿಂದೆ ಒಂದು ಭಯವಿದೆ ಎಂಬುದೂ ನಮಗೆ ಗೊತ್ತು. ಗಡಿಯ ಈಚೆಗಿನ ನಾವು ಎಲ್ಲ ಲೆಕ್ಕದಲ್ಲೂ ಸಣ್ಣವರು. ರಾಜ್ಯದಲ್ಲಿ ಕನ್ನಡಿಗರು ಕೆಲವರೇ, ಊರಿನಲ್ಲಿ ಕ್ರೈಸ್ತರು ಕೆಲವರೇ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳ. ಕನ್ನಡ ಶಾಲೆಗೆ ಮಕ್ಕಳು ಸಿಗುವುದೇ ಕಷ್ಟ. ಇಂದು ಮದರಂಗಿ ಎಂದರೆ ನಾಳೆ ನಮ್ಮದೆಂಬುದು ಏನು ಉಳಿದೀತು ಎಂಬ ಅವರ ಚಿಂತೆಯನ್ನು ನಗುವ ಮಾತಲ್ಲ. ಆದರೆ ನಮ್ಮತನ ಉಳಿಯುವುದು ಸಂಜೆ ಮನೆಯಲ್ಲಿ ಜಪಸರ ಹೇಳುವುದರಿಂದ, ಮಕ್ಕಳಿಗೆ ಧರ್ಮೋಪದೇಶ ಕಲಿಸುವುದರಿಂದ, ಭಾನುವಾರ ತಪ್ಪದೆ ಪೂಜೆಗೆ ಬರುವುದರಿಂದ. ನೆರೆಯವರು ಪ್ರೀತಿಯಿಂದ ಚಾಚಿದ್ದನ್ನು ನಿರಾಕರಿಸುವುದರಿಂದ ಅಲ್ಲ. ನಮ್ಮ ಭಾಷೆಗೆ, ನಮ್ಮ ಹಬ್ಬಕ್ಕೆ ಮರ್ಯಾದೆ ಬೇಕೆಂದು ಕೇಳುವ ನಾವು ಅದೇ ಮರ್ಯಾದೆಯನ್ನು ಇತರರಿಗೂ ಕೊಡಬೇಕಲ್ಲವೇ?

ಮದರಂಗಿ ಮೂರು ವಾರದಲ್ಲಿ ಹೋಗುತ್ತದೆ. ಜ್ಞಾನಸ್ನಾನದಲ್ಲಿ ಆತ್ಮದ ಮೇಲೆ ಬಿದ್ದ ಮುದ್ರೆ ಎಂದಿಗೂ ಅಳಿಯದು ಎಂದು ಧರ್ಮಸಭೆ ಬೋಧಿಸುತ್ತದೆ. ಅಳಿಯದ ಮುದ್ರೆ ಹೊತ್ತವರು ಅಳಿಯುವ ಬಣ್ಣಕ್ಕೆ ಹೆದರಬೇಕೇ?

ಆ ಹುಡುಗಿಯ ಕೈಯ ಬಣ್ಣ ಈಗ ಪೂರ್ತಿ ಮಾಸಿದೆ. ಕಳೆದ ಭಾನುವಾರ ನಮ್ಮಲ್ಲಿ ಇಬ್ಬರು ಅವಳ ಮನೆಗೆ ಹೋಗಿ, ತಪ್ಪಾಯಿತು ಮಗಾ ಎಂದು ಹೇಳಿ ಬಂದೆವು. ಅವಳಿಗೆ ನಾಚಿಕೆಯಾಗಿ ಒಳಗೆ ಓಡಿದಳು. ತಾಯಿ ಚಹಾ ಕೊಟ್ಟರು. ಅಲ್ಲಿಂದ ನೆರೆಮನೆಗೂ ಹೋಗಿದ್ದೆವು. ಇತ್ತಾಗೆ ಕೈಗವಸಿನ ವಿಷಯ ತಿಳಿದೇ ಇತ್ತು. "ನಿಮ್ಮ ಕಡೆ ಆಗುವುದಿಲ್ಲ ಎಂದು ನನಗೆ ಗೊತ್ತಿದ್ದರೆ ನಾನೇ ಹಚ್ಚುತ್ತಿರಲಿಲ್ಲ" ಎಂದರು. ಹಾಗೇನೂ ಇಲ್ಲ, ನಮಗೇ ಗೊತ್ತಿರಲಿಲ್ಲ ಎಂದೆವು.

ಮಳೆಗಾಲ ಕಳೆದರೆ ಮತ್ತೆ ಮದುವೆಗಳ ಕಾಲ. ರೋಸಿನ ದಿನ ನಿಮ್ಮ ಮನೆಯ ಬಾಗಿಲ ಬಳಿ ಒಬ್ಬ ತಾಯಿಯೋ ಅತ್ತೆಯೋ ಅಕ್ಕನೋ ಹಿಂದೆ ನಿಂತಿದ್ದರೆ, ಮೊದಲ ಬಟ್ಟಲನ್ನು ಅವರ ಕೈಗೆ ಕೊಡಿ. ನಮ್ಮ ಮನೆಗಳಲ್ಲಿ ನಾವು ಹಾಗೆಯೇ ಮಾಡುವುದೆಂದು ನಿಶ್ಚಯಿಸಿದ್ದೇವೆ. ಮುಂದಿನ ವರ್ಷ ಪ್ರಥಮ ಪರಮಪ್ರಸಾದದ ಸಾಲಿನಲ್ಲಿ ಯಾವ ಮಗುವಾದರೂ ಮದರಂಗಿಯ ಕೈ ಜೋಡಿಸಿ ನಿಂತರೆ, ಯಾರು ಹಚ್ಚಿದರು ಎಂದು ಪ್ರೀತಿಯಿಂದ ಕೇಳಿ. ಹಚ್ಚಿದವರಿಗಾಗಿ ಆ ದಿನದ ಪೂಜೆಯಲ್ಲಿ ಒಂದು ಪ್ರಾರ್ಥನೆ ಸಲ್ಲಿಸೋಣ.